ಹೊಸ ದುಂಬಿ ಸಿಕ್ತು ಅಂತ ಬರೀತೀರಿ, ಅದು ಹೊಸದು ಅಂತ ಹೇಗೆ ಗೊತ್ತಾಯ್ತು ಅನ್ನೋದನ್ನೂ ಬರೀರಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಸಣ್ಣದೊಂದು ಕಾಫಿ ತೋಟ ಇಟ್ಕೊಂಡಿರೋನು. ನಿಮ್ಮ ಪತ್ರಿಕೆ ನಮ್ಮನೆಗೆ ಅಪ್ಪನ ಕಾಲದಿಂದ ಬರ್ತಾ ಇದೆ, ಮಳೆಗಾಲದಲ್ಲಿ ಬಸ್ಸು ಬರದೆ ಎರಡು ದಿನದ ಪೇಪರ್ ಒಟ್ಟಿಗೆ ಬಂದ್ರೂ ಎರಡನ್ನೂ ಕೂತು ಓದ್ತೀವಿ. ಇವತ್ತು ಬರೀತಿರೋದು ಒಂದು ದುಂಬಿ ವಿಷಯ. ಒಳಪುಟದಲ್ಲಿ ಆಗಾಗ "ಹೊಸ ಪ್ರಭೇದ ಪತ್ತೆ" ಅಂತ ಒಂದು ಬಾಕ್ಸ್ ಬರುತ್ತಲ್ಲ, ಒಂದು ಚಂದದ ಫೋಟೋ, ಕೆಳಗೆ ನಾಲ್ಕು ಸಾಲು, ಎಲ್ಲಿ ಸಿಕ್ತು, ಯಾರ ಹೆಸರಿಟ್ರು, ಅಲ್ಲಿಗೆ ಮುಗೀತು. ಅದು ಹೊಸದು ಅಂತ ಅವರಿಗೆ ಹೇಗೆ ಗೊತ್ತಾಯ್ತು ಅನ್ನೋ ಮಾತೇ ಅದರಲ್ಲಿ ಇರೋಲ್ಲ. ನಂಗೆ ಬೇಕಾಗಿರೋದು ಆ ಭಾಗ, ಹುಳದ ಜೊತೆ ಬಾಳೋ ನಮ್ಮಂಥ ಎಲ್ಲರಿಗೂ ಬೇಕಾಗಿರೋದು ಅದೇ, ಅದು ಯಾಕೆ ಅಂತ ಹೇಳೋಕೆ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳು ಒಂದಿನ ಮೊಬೈಲಲ್ಲಿ ಒಂದು ಫೋಟೋ ತೋರಿಸಿದ್ಲು. ಆಸ್ಟ್ರೇಲಿಯಾದ ದುಂಬಿ. ನೋಡಿದ ತಕ್ಷಣ "ಇದಕ್ಕೆ ಬೂಸ್ಟು ಹಿಡಿದಿದೆಯಲ್ಲ ಮಗಾ" ಅಂದೆ. ಮೈತುಂಬಾ ಉದ್ದುದ್ದ ಬಿಳಿ ಕೂದಲು, ಬೂರುಗದ ಹತ್ತಿ ಎಳೆ ಬಿಡಿಸಿ ಒಂದೊಂದಾಗಿ ನೆಟ್ಟ ಹಾಗೆ ನೆಟ್ಟಗೆ ನಿಂತಿದಾವೆ, ಅದರ ಕೆಳಗೆ ಕೆಂಪು ಕಪ್ಪು ಮೈ, ಉದ್ದ ಮೀಸೆ. ಬೂಸ್ಟಲ್ಲ ಅಪ್ಪ, ಅದರದ್ದೇ ಕೂದಲು ಅಂದ್ಲು. ಆಮೇಲೆ ಅವಳ ಹತ್ರ ಕೂತು ಪೂರ್ತಿ ಕಥೆ ಕೇಳಿ, ನಂಗೆ ಆದಷ್ಟು ಓದಿ ತಿಳ್ಕೊಂಡೆ.

ಕಥೆ ಇಷ್ಟು. ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಗೋಲ್ಡ್ ಕೋಸ್ಟ್ ಅಂತ ಊರು, ಅದರ ಹಿಂದಿನ ಗುಡ್ಡಸಾಲಲ್ಲಿ ಬಿನ್ನಾ ಬುರ್ರಾ ಅನ್ನೋ ಜಾಗ, ಪಕ್ಕದಲ್ಲೇ ಲ್ಯಾಮಿಂಗ್ಟನ್ ರಾಷ್ಟ್ರೀಯ ಉದ್ಯಾನ, ನಮ್ಮ ಶೋಲಾ ಕಾಡಿನ ಥರ ತೇವದ ಹಳೇ ಮಳೆಕಾಡು. 2019ರ ಸೆಪ್ಟೆಂಬರಲ್ಲಿ ಅಲ್ಲಿಗೂ ಕಾಡ್ಗಿಚ್ಚು ಬಂದು ಎಷ್ಟೋ ದಶಕದ ಹಳೇ ಲಾಡ್ಜ್ ಕಟ್ಟಡ ಸುಟ್ಟು ಬೂದಿ ಆಗಿತ್ತು. ಅದಾಗಿ ಎರಡು ವರ್ಷಕ್ಕೆ, 2021ರ ಡಿಸೆಂಬರಲ್ಲಿ, ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡ್ತಿದ್ದ ಜೇಮ್ಸ್ ಟ್ವೀಡ್ ಅನ್ನೋ ಹುಡುಗ ಅಲ್ಲಿ ಟೆಂಟ್ ಹಾಕಿದ್ದ. ಬೆಳಗ್ಗೆಯಿಂದ ಸಂಜೆವರೆಗೆ ಬಲೆ ಹಿಡ್ಕೊಂಡು ದಟ್ಟ ಕಾಡೊಳಗೆ ಅಲೆದು ಹಿಡಿದಿದ್ದಲ್ಲ ಇದು, ಕ್ಯಾಂಪ್ ಜಾಗದಲ್ಲೇ ನಡ್ಕೊಂಡು ಹೋಗೋವಾಗ ಲೊಮಾಂಡ್ರಾ ಅಂತ ಹುಲ್ಲಿನ ಥರ ಉದ್ದ ಎಲೆ ಇರೋ ಒಂದು ಗಿಡದ ಮೇಲೆ ಬೆಳ್ಳಗೆ ಏನೋ ಕಾಣ್ತು, ಹಕ್ಕಿ ಹಿಕ್ಕೆ ಅಂದ್ಕೊಂಡ, ಮತ್ತೆ ಯಾಕೋ ತಿರುಗಿ ನೋಡಿದ. 9.7 ಮಿಲಿಮೀಟರ್ ಉದ್ದದ ದುಂಬಿ. ಕಾಫಿ ಬೀಜದಷ್ಟು ಅಂದ್ಕೊಳ್ಳಿ.

ಆ ತಿರುಗಿ ನೋಡಿದ್ದು ಇದೆಯಲ್ಲ, ಅದನ್ನ ಪೇಪರ್‌ಗಳು ಚೆನ್ನಾಗಿ ಬರೆದ್ವು, ಹಿಕ್ಕೆ ಅಂದ್ಕೊಂಡಿದ್ದು ದುಂಬಿ ಆಯ್ತು ಅಂತ. ಆದ್ರೆ ಅದಾದ್ಮೇಲೆ ಎರಡು ವರ್ಷದ ಮೇಲೆ ಕೆಲಸ ನಡೆದಿದೆ, 2024ರ ಮಾರ್ಚಿಗೆ ಅದಕ್ಕೆ ಹೆಸರು ಬಂತು. ಆ ಎರಡು ವರ್ಷ ಏನು ಮಾಡಿದ್ರು?

ಮೊದಲು ಆತ ಪುಸ್ತಕ, ಪ್ರಬಂಧ ಎಲ್ಲ ಹುಡುಕಿದ, ಆಸ್ಟ್ರೇಲಿಯಾದ ದುಂಬಿಗಳ ಬಗ್ಗೆ ಬರೆದಿರೋದ್ರಲ್ಲಿ ಇಂಥದ್ದು ಎಲ್ಲೂ ಕಾಣ್ಲಿಲ್ಲ. ಪುಸ್ತಕದಲ್ಲಿಲ್ಲ ಅಂದ ಮಾತ್ರಕ್ಕೆ ಹೊಸದು ಅಂತ ಹೇಳೋಕಾಗಲ್ಲ, ಅದಕ್ಕೆ ಕ್ಯಾನ್‌ಬೆರಾಗೆ ಹೋದ, ಅಲ್ಲಿ ರಾಷ್ಟ್ರೀಯ ಕೀಟ ಸಂಗ್ರಹ ಇದೆ, 1 ಕೋಟಿ 20 ಲಕ್ಷಕ್ಕೂ ಹೆಚ್ಚು ಕೀಟದ ಮಾದರಿಗಳನ್ನ ಚೀಟಿ ಬರೆದು ಜೋಪಾನವಾಗಿ ಇಟ್ಟಿದಾರೆ. ಅಲ್ಲಿ ದುಂಬಿಗಳನ್ನೇ ಓದ್ಕೊಂಡಿರೋ ಆಡಂ ಸ್ಲಿಪಿನ್‌ಸ್ಕಿ ಅನ್ನೋರ ಜೊತೆ ಕೂತು ಅದನ್ನ ಇದ್ದಬದ್ದ ಸಂಬಂಧಿಕರ ಪಕ್ಕ ಇಟ್ಟು ನೋಡಿದ್ರು. ಯಾವುದಕ್ಕೂ ಹೊಂದಲಿಲ್ಲ. ಪ್ರಭೇದ ಹೊಸದು ಅನ್ನೋದಷ್ಟೇ ಅಲ್ಲ, ಇರೋ ಯಾವ ಕುಲದೊಳಗೂ (ಕುಲ ಅಂದ್ರೆ ಹತ್ತಿರದ ಪ್ರಭೇದಗಳ ಗುಂಪು) ಸೇರಿಸೋಕೆ ಬರಲಿಲ್ಲ, ಹಾಗಾಗಿ ಹೊಸ ಕುಲವನ್ನೇ ಮಾಡಬೇಕಾಯ್ತು. ಎಕ್ಸ್‌ಕಾಸ್ಟ್ರಾ ಆಲ್ಬೋಪಿಲೋಸಾ ಅಂತ ಹೆಸರಿಟ್ರು. ಲ್ಯಾಟಿನ್ ಭಾಷೆಯಲ್ಲಿ ಮೊದಲನೇ ಪದಕ್ಕೆ ಬಿಡಾರದಿಂದ ಅಂತ ಅರ್ಥ, ಎರಡನೇದಕ್ಕೆ ಬಿಳಿ ಕೂದಲಿನದ್ದು ಅಂತ. ಬಿಡಾರದಲ್ಲಿ ಸಿಕ್ಕ ಬಿಳಿಗೂದಲಿನ ದುಂಬಿ, ಹೆಸರಲ್ಲೇ ಊರು ಚಹರೆ ಎರಡೂ ಬಂತು ನೋಡಿ, ನಮ್ಮ ಕಡೆ ಎತ್ತಿಗೆ ಹೆಸರಿಡೋದೂ ಹೀಗೇ.

ಇದನ್ನ ವಿಜ್ಞಾನದಲ್ಲಿ ಪ್ರಭೇದ ವರ್ಣನೆ ಅಂತಾರೆ. ಕವಿಗಳು ಮಾಡೋ ವರ್ಣನೆ ಅಲ್ಲ ಇದು. ಮೀಸೆಯಲ್ಲಿ ಎಷ್ಟು ಗಂಟು, ಯಾವ ಗಂಟು ಉದ್ದ ಯಾವುದು ಗಿಡ್ಡ, ಎದೆಭಾಗದ ಪಕ್ಕದಲ್ಲಿ ಮುಳ್ಳು ಇದೆಯೋ ಇಲ್ವೋ, ಮೇಲಿನ ಗಟ್ಟಿ ರೆಕ್ಕೆ ಮೇಲೆ ಸೂಜಿಮೊನೆ ಗುಂಡಿಗಳು ಸಾಲಲ್ಲಿದಾವೋ ಚೆಲ್ಲಾಪಿಲ್ಲಿ ಇದಾವೋ, ಕಣ್ಣು ಒಂದೇ ತುಂಡೋ ಅಥವಾ ಮೀಸೆ ಬುಡದ ಹತ್ರ ಸೀಳಿದೆಯೋ, ಇಂಥದ್ದನ್ನೆಲ್ಲ ಮೈಕ್ರೋಸ್ಕೋಪ್ ಕೆಳಗೆ ನೋಡಿ ನೋಡಿ ಬರೀಬೇಕು. ಈ ದುಂಬಿಗೆ ಕಣ್ಣು ಹೆಚ್ಚುಕಮ್ಮಿ ಎರಡು ಭಾಗ ಆಗೋಷ್ಟು ಸೀಳಿದೆಯಂತೆ. ಬರೆದಿದ್ದನ್ನ ಇನ್ನೊಬ್ಬರು ತಜ್ಞರು ಓದಿ ಒಪ್ಪಬೇಕು, ಪ್ರಕಟ ಆಗಬೇಕು, ಇದು ಆಸ್ಟ್ರೇಲಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿಯಲ್ಲಿ ಪ್ರಕಟ ಆಯ್ತು. ಮತ್ತೆ ಎಲ್ಲಕ್ಕಿಂತ ಮುಖ್ಯ, ಒಂದು ಹುಳವನ್ನ ಹೋಲೋಟೈಪ್ ಅಂತ ಗೊತ್ತುಮಾಡಿ ಸಂಗ್ರಹದಲ್ಲಿ ಭದ್ರವಾಗಿ ಇಡಬೇಕು. ರೈತರಿಗೆ ಇದು ಕೂಡ್ಲೇ ಅರ್ಥ ಆಗುತ್ತೆ. ಜಮೀನಿಗೆ ಬಾಂದುಕಲ್ಲು ಇದ್ದ ಹಾಗೆ. ನಕ್ಷೆ ಏನೇ ಹೇಳ್ಲಿ, ಪಕ್ಕದವನು ಏನೇ ವಾದ ಮಾಡ್ಲಿ, ತಕರಾರು ಬಂದಾಗ ಎಲ್ಲರೂ ಹೋಗಿ ನಿಲ್ಲೋದು ಆ ಕಲ್ಲಿನ ಹತ್ರ. ನೂರು ವರ್ಷದ ನಂತರ ಯಾರಿಗಾದ್ರೂ ಇಂಥದ್ದೇ ಒಂದು ದುಂಬಿ ಸಿಕ್ರೆ, ಇದು ಅದೇನಾ ಬೇರೇನಾ ಅಂತ ಕೇಳೋಕೆ ಹೋಗಬೇಕಾದ್ದು ಆ ಒಂದು ಹುಳದ ಹತ್ರ. ಈ ದುಂಬಿ ವಿಷಯದಲ್ಲಂತೂ ಹೆಸರು ಬಂದಾಗ ಇದ್ದಿದ್ದೇ ಆ ಒಂದು, ಆತ ಮತ್ತೆ ಅಲ್ಲಿಗೆ ಹೋಗಿ ಹುಡುಕಿದ್ರೂ ಇನ್ನೊಂದು ಸಿಕ್ಕಿರಲಿಲ್ಲ.

ಕೂದಲು ಯಾಕೆ ಅಂತ ಅವರಿಗೂ ಖಚಿತ ಇಲ್ಲ, ಆದ್ರೆ ಅವರ ಊಹೆ ಓದಿ ನಾನು ಎದ್ದು ಕೂತೆ. ಕೀಟಗಳನ್ನ ಕೊಲ್ಲೋ ಶಿಲೀಂಧ್ರ ಹತ್ತಿ ಸತ್ತ ಹುಳದ ಥರ ಕಾಣಲಿ, ಹಕ್ಕಿಗಳು ಮುಟ್ಟದೆ ಹೋಗಲಿ ಅಂತ ಈ ವೇಷ ಇರಬಹುದು ಅಂತಾರೆ. ಅಂದ್ರೆ ನಾನು ಫೋಟೋ ನೋಡಿ ಬೂಸ್ಟು ಅಂದಿದ್ದು, ಆ ದುಂಬಿ ಹಕ್ಕಿಗೆ ಏನು ತೋರಿಸಬೇಕು ಅಂತಿತ್ತೋ ಅದನ್ನೇ! ನಂಗೆ ಹಾಗೆ ಅನಿಸಿದ್ದಕ್ಕೆ ಕಾರಣ ಇದೆ. ಬೆರಿ ಬೋರರ್, ಅಂದ್ರೆ ಕಾಫಿ ಕಾಯಿ ಕೊರೆಯೋ ಹುಳ, ಬಂದ ಮೇಲೆ ನಾವು ಬ್ಯುವೇರಿಯಾ ಶಿಲೀಂಧ್ರದ ಪುಡಿ ತಂದು ಮಳೆಗಾಲದಲ್ಲಿ ಹೊಡೀತೀವಿ. ಅದು ಹತ್ತಿದ ತೋಟದಲ್ಲಿ ಕಾಯಿ ತಿರುಗಿಸಿ ನೋಡಿದ್ರೆ ತುದೀಲಿ ಸೂಜಿ ಚುಚ್ಚಿದಂಥ ತೂತು, ಆ ತೂತಿನ ಬಾಯಲ್ಲೇ ಎಳ್ಳಿಗಿಂತ ಚಿಕ್ಕ ಕಪ್ಪು ಹುಳ ಸತ್ತು ಸಿಕ್ಕಿಕೊಂಡಿರುತ್ತೆ, ಅದರ ಮೈಯಿಂದ ಬೆಳ್ಳಗೆ ಹತ್ತಿ ಥರ ಬೂಸ್ಟು ಹೊರಗೆ ಬಂದಿರುತ್ತೆ. ಅದನ್ನ ಕಂಡ್ರೆ ಎಷ್ಟು ಖುಷಿ ಆಗುತ್ತೆ ಅಂತ ಕಾಫಿ ಬೆಳೆದವರಿಗೇ ಗೊತ್ತು. ಅಷ್ಟು ದೂರದ ಕಾಡಿನ ಒಂದು ಜೀವ ಆ ಸಾವಿನ ವೇಷ ಹಾಕ್ಕೊಂಡು ಬದುಕ್ತಿರಬಹುದು ಅಂತ ಓದಿದಾಗ ನಮ್ಮ ತೋಟಕ್ಕೂ ಆ ಕಾಡಿಗೂ ನಡುವೆ ದೂರ ಇದೆ ಅಂತ ಅನಿಸಲೇ ಇಲ್ಲ.

ಇನ್ನೊಂದು ನಂಟು ಇದಕ್ಕಿಂತ ಹತ್ತಿರದ್ದು. ಆ ದುಂಬಿ ಲಾಂಗ್‌ಹಾರ್ನ್ ಅಂದ್ರೆ ಉದ್ದಮೀಸೆ ದುಂಬಿಗಳ ಮನೆತನದ್ದು. ಅರೇಬಿಕಾ ಕಾಫಿ ಬೆಳೆಯೋರಿಗೆ ಆ ಮನೆತನ ಚೆನ್ನಾಗಿ ಗೊತ್ತು, ನಮ್ಮ ಬಿಳಿ ಕಾಂಡಕೊರಕ ಅದೇ ಮನೆತನದ್ದು. ಕಪ್ಪು ಮೈ ಮೇಲೆ ಬಿಳಿ ಪಟ್ಟೆ ಇರೋ ದುಂಬಿ ಏಪ್ರಿಲ್ ಮೇ ತಿಂಗಳಲ್ಲಿ ಒಂದ್ಸಲ, ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರಿಂದ ಡಿಸೆಂಬರ್‌ವರೆಗೆ ಇನ್ನೊಂದ್ಸಲ ಹಾರುತ್ತೆ. ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಸವರೋದು, ಜಾಸ್ತಿ ಮಾಡಿ ಬಿಸಿಲು ಬಿಟ್ಟ ಕಡೆ ಇನ್ನೂ ಜಾಸ್ತಿ. ತೊಗಟೆ ಬಿರುಕಲ್ಲಿ ಮೊಟ್ಟೆ ಇಡುತ್ತೆ, ಮರಿ ಒಳಗೆ ಹೋಗಿ ತಿಂಗಳುಗಟ್ಲೆ ತಿನ್ನುತ್ತೆ. ಟ್ರೇಸಿಂಗ್ ದಿನ, ಅಂದ್ರೆ ಹುಳ ಹೊಕ್ಕ ಗಿಡ ಹುಡುಕೋ ದಿನ, ಕಾಂಡದ ಮೇಲೆ ಕೈ ಆಡಿಸ್ತಾ ಹೋಗ್ತೀವಿ, ಬೆರಳಿಗೆ ಉಬ್ಬಿದ ಗೆರೆ ಸಿಕ್ತು ಅಂದ್ರೆ ಎದೆ ಧಸಕ್ ಅನ್ನುತ್ತೆ. ಕಿತ್ತು ಕತ್ತಿಯಿಂದ ಸೀಳಿದ್ರೆ ಒಳಗೆ ಸುರಂಗ, ಸುರಂಗದ ತುಂಬಾ ಗಟ್ಟಿಯಾಗಿ ತುರುಕಿದ ಹುಡಿ, ಕೊನೆಗೆ ಕಾಲಿಲ್ಲದ ಒಂದು ಬಿಳಿ ಮರಿ, ತಲೆ ಕಡೆ ದಪ್ಪ ಬಾಲದ ಕಡೆ ಸಣ್ಣ. ಹದಿನೈದು ವರ್ಷ ಮಗು ಥರ ಸಾಕಿದ ಗಿಡ ಅವತ್ತೇ ಬೆಂಕಿಗೆ ಹೋಗುತ್ತೆ. ಅಪ್ಪನ ಕಾಲದಲ್ಲಿ ಕಾಂಡಕ್ಕೆ ಲಿಂಡೇನ್ ಅನ್ನೋ ಕೀಟನಾಶಕ ಬಳೀತಿದ್ರು, ಅದು ನಿಷೇಧ ಆಯ್ತು, ಈಗ ಕಾಂಡ ಉಜ್ಜೋದು, ಸುಣ್ಣ ಹೊಡಿಯೋದು, ವಾಸನೆಯಿಂದ ದುಂಬಿ ಸೆಳೆಯೋ ಮೋಹಕ ಬಲೆ ಕಟ್ಟೋದು.

ಈಗ ಮುಖ್ಯ ಮಾತಿಗೆ ಬರ್ತೀನಿ. ನಮ್ಮ ಕಡೆ ಕಾಫಿಗೆ ಬರೋ ಬೋರರ್ ಅನ್ನೋದು ಒಂದಲ್ಲ, ನಾಲ್ಕು. ಒಂದು ಈಗ ಹೇಳಿದ ಬಿಳಿ ಕಾಂಡಕೊರಕ. ಎರಡನೇದು ಕೆಂಪು ಕೊರಕ, ಅದು ದುಂಬಿನೇ ಅಲ್ಲ, ಒಂದು ಪತಂಗದ ಹುಳ, ತೂತಿಂದ ಉಂಡೆ ಉಂಡೆ ಹಿಕ್ಕೆ ಹೊರಗೆ ಹಾಕುತ್ತೆ. ಮೂರನೇದು ಶಾಟ್‌ಹೋಲ್ ಬೋರರ್, ರೋಬಸ್ಟಾ ಕಾಫಿಯ ಎಳೇ ರೆಕ್ಕೆಗಳಿಗೆ (ಗಿಡದ ಪಕ್ಕದ ಕೊಂಬೆಗೆ ನಾವು ರೆಕ್ಕೆ ಅಂತೀವಿ) ಕೆಳಗಡೆಯಿಂದ ಸೂಜಿ ತೂತು ಮಾಡಿ ಒಳಗೆ ತನ್ನದೇ ಶಿಲೀಂಧ್ರ ಬೆಳೆಸ್ಕೊಂಡು ತಿನ್ನೋ ಪುಟ್ಟ ದುಂಬಿ. ನಾಲ್ಕನೇದು ಬೆರಿ ಬೋರರ್, ಆಫ್ರಿಕಾ ಮೂಲದ್ದು, ಭಾರತದಲ್ಲಿ ಮೊದಲು ಕಂಡಿದ್ದು 1990ರಲ್ಲಿ ನೀಲಗಿರಿಯ ಗೂಡಲೂರು ಕಡೆ. ನಾಲ್ಕಕ್ಕೂ ನಾವು ಬೋರರ್ ಅಂತೀವಿ, ನಾಲ್ಕರ ದಾರಿ ಬೇರೆ, ಮದ್ದು ಬೇರೆ, ತಿಂಗಳು ಬೇರೆ.

ಇದನ್ನ ನಾನು ನಷ್ಟ ಮಾಡ್ಕೊಂಡು ಕಲಿತಿದ್ದು. ಎಷ್ಟೋ ವರ್ಷದ ಹಿಂದೆ ನಮ್ಮ ರೋಬಸ್ಟಾ ಪಟ್ಟೀಲಿ ರೆಕ್ಕೆಗಳು ಅಲ್ಲಲ್ಲಿ ಎಲೆ ಬಾಡಿ ಒಣಗೋಕೆ ಶುರು ಆದ್ವು. ಪೇಟೆಯಲ್ಲಿ ಒಂದು ಔಷಧಿ ಅಂಗಡೀಲಿ ಹೇಳಿದೆ, ಬೋರರ್ ಬಂದಿದೆ ಅಂತ. ಅವರು ಕಾಂಡಕ್ಕೆ ಬಳಿಯೋ ಮದ್ದು ಕೊಟ್ರು, ಕೇಳಿದವನೂ ಬೋರರ್ ಅಂದ, ಕೊಟ್ಟವರೂ ಬೋರರ್ ಅಂದ್ರು, ಯಾವ ಬೋರರ್ ಅಂತ ಇಬ್ಬರಿಗೂ ಹೊಳೀಲಿಲ್ಲ. ಆಳು ಲೆಕ್ಕ, ಮದ್ದಿನ ಲೆಕ್ಕ, ಮೂರು ವಾರ ಕೆಲಸ. ಒಂದು ರೆಕ್ಕೆಯೂ ಉಳೀಲಿಲ್ಲ. ಮುಂದಿನ ವರ್ಷ ಪಕ್ಕದ ತೋಟದ ಹಳೇ ಮೇಸ್ತ್ರಿ ಒಬ್ರು ಒಣಗಿದ ರೆಕ್ಕೆ ಮುರಿದು ತಿರುವಿ ಹಿಡಿದು "ಇಲ್ ನೋಡಿ ಅಯ್ಯಾ" ಅಂತ ತೋರಿಸಿದ್ರು, ಅಡಿಭಾಗದಲ್ಲಿ ಗುಂಡುಸೂಜಿ ತಲೆಗಿಂತ ಸಣ್ಣ ತೂತು. ರೋಬಸ್ಟಾದಲ್ಲಿ ಬಿಳಿ ಕಾಂಡಕೊರಕದ ಕಾಟ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ನಾನು ಹುಡುಕ್ತಿದ್ದ ಶತ್ರು ಅಲ್ಲಿರಲೇ ಇಲ್ಲ. ಹುಳ ಬಂದ ರೆಕ್ಕೆ ಕತ್ತರಿಸಿ ಸುಡಬೇಕಿತ್ತು, ಅಷ್ಟೇ ಕೆಲಸ.

ಅವತ್ತಿಂದ ನಂಗೆ ಹುಳಕ್ಕೆ ಹೆಸರಿಡೋರ ಮೇಲೆ ಬಹಳ ಗೌರವ. ನಮ್ಮ ಕಾಂಡಕೊರಕವನ್ನ ಫ್ರಾನ್ಸಿನ ಷೆವ್ರೊಲಾ ಅನ್ನೋರು 1863ರಲ್ಲೇ ವರ್ಣನೆ ಮಾಡಿ ಕ್ಸೈಲೋಟ್ರೆಕಸ್ ಕ್ವಾಡ್ರಿಪೀಸ್ ಅಂತ ಹೆಸರಿಟ್ಟಿದ್ರು. ಅದೇ ದಶಕದಲ್ಲಿ ಕೊಡಗು ಮೈಸೂರು ಕಡೆ ತೋಟ ತೋಟವೇ ಬೋರರ್‌ಗೆ ನಾಶ ಆಗಿ, ಮದ್ರಾಸ್ ಸರ್ಕಾರದ ಕಡೆಯಿಂದ ಜಾರ್ಜ್ ಬಿಡಿ ಅನ್ನೋ ವೈದ್ಯರು ಬಂದು ನೋಡಿ ವರದಿ ಬರೆದ್ರು, ಅದು ಅಚ್ಚಾಗಿದ್ದು 1869ರಲ್ಲಿ. ಆಮೇಲೆ 1925ರಲ್ಲಿ ಬಾಳೆಹೊನ್ನೂರು ಹತ್ರ ಕಾಫಿ ಸಂಶೋಧನಾ ಕೇಂದ್ರ ಬಂತು. ವಿಯೆಟ್ನಾಂನಲ್ಲೂ ಥಾಯ್ಲೆಂಡ್‌ನಲ್ಲೂ ಚೀನಾದಲ್ಲೂ ಇದೇ ಹುಳ ಇದೆ, ಅಲ್ಲಿಯವರು ಬರೆದಿದ್ದು ನಮಗೆ, ನಾವು ಬರೆದಿದ್ದು ಅವರಿಗೆ ಉಪಯೋಗ ಆಗ್ತಿರೋದು ಆ ಒಂದು ಹೆಸರಿನಿಂದ, ಇಲ್ಲಾಂದ್ರೆ ನಾವು ಬೋರರ್ ಅಂತ, ಅವರು ಅವರ ಭಾಷೇಲಿ ಇನ್ನೇನೋ ಅಂತ ಬರ್ಕೊಂಡು ಒಬ್ರ ಮಾತು ಒಬ್ರಿಗೆ ತಲುಪ್ತಾನೇ ಇರಲಿಲ್ಲ.

ಸೆಲೆಬ್ರಿಟಿ ಹೆಸರಿನ ವಿಷಯಕ್ಕೂ ಒಂದು ಮಾತು. 2019ರಲ್ಲಿ ಒಂದು ದುಂಬಿಗೆ ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ ಹೆಸರು ಇಟ್ಟಾಗ ಎಲ್ಲಾ ಕಡೆ ಆ ಹುಡುಗಿ ಫೋಟೋನೇ ದೊಡ್ಡದಾಗಿ ಬಂತು. ಹೆಸರಿಟ್ಟಿದ್ದು ತಪ್ಪು ಅಂತ ಹೇಳ್ತಿಲ್ಲ, ಅಭಿಮಾನದಿಂದ ಇಟ್ಟಿದಾರೆ. ಆದ್ರೆ ಆ ದುಂಬಿ ಕಥೆ ಎಷ್ಟು ದೊಡ್ಡದು ಅಂದ್ರೆ, ಅದರ ಉದ್ದ 0.79 ಮಿಲಿಮೀಟರ್, ಕಣ್ಣಿಲ್ಲ, ರೆಕ್ಕೆ ಇಲ್ಲ, ಕೀನ್ಯಾದ ಮಣ್ಣಲ್ಲಿ 1960ರ ದಶಕದಲ್ಲಿ ವಿಲಿಯಂ ಬ್ಲಾಕ್ ಅನ್ನೋರು ಸಂಗ್ರಹ ಮಾಡಿದ್ದು, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿ ದಶಕಗಟ್ಲೆ ಹಾಗೇ ಇತ್ತು, ಮೈಕಲ್ ಡಾರ್ಬಿ ಅನ್ನೋರು ಕೂತು ನೋಡೋವರೆಗೆ ಅದು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಡಾರ್ವಿನ್ 1832ರಲ್ಲಿ ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾದಲ್ಲಿ ಹಿಡಿದ ಒಂದು ದುಂಬಿಗಂತೂ ಹೆಸರು ಬಂದಿದ್ದು 2014ರಲ್ಲಿ, 180 ವರ್ಷ ಕಾಯ್ತು. ಯಾರೋ ಚೀಟಿ ಬರೆದು ಜೋಪಾನ ಮಾಡಿಟ್ಟಿದ್ರು, ಅದಕ್ಕೆ ಆಯ್ತು. ಕೀಟಗಳು ಒಟ್ಟು ಸುಮಾರು 55 ಲಕ್ಷ ಬಗೆ ಇರಬಹುದು ಅಂತ ಅಂದಾಜಿದೆ, ಹೆಸರಿಟ್ಟಿರೋದು ಸುಮಾರು 10 ಲಕ್ಷಕ್ಕೆ, ಅದರಲ್ಲಿ ದುಂಬಿಗಳೇ 4 ಲಕ್ಷದ ಹತ್ತಿರ. ಉಳಿದವಕ್ಕೆಲ್ಲ ಹೆಸರಿಡೋಕೆ ಜನ ಬೇಕಲ್ಲ, ನಮ್ಮ ಮಕ್ಕಳಲ್ಲಿ ಯಾರಾದ್ರೂ ಆ ಕೆಲಸಕ್ಕೆ ಹೋಗ್ಬೇಕು ಅಂದ್ರೆ ಅಂಥದ್ದೊಂದು ಕೆಲಸ ಇದೆ ಅಂತ ಕನ್ನಡದಲ್ಲಿ ಓದಿ ಗೊತ್ತಾಗ್ಬೇಕಲ್ಲ.

ನಮ್ಮಲ್ಲಿ ಏನೂ ಇಲ್ಲ ಅಂತ ಖಂಡಿತ ಹೇಳಲ್ಲ. ಕೋಲ್ಕತ್ತದಲ್ಲಿ 1916ರಿಂದ ಜೂವಲಾಜಿಕಲ್ ಸರ್ವೆ ಆಫ್ ಇಂಡಿಯಾ ಇದೆ. ಬೆಂಗಳೂರಲ್ಲೇ ಹೆಬ್ಬಾಳದಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಇದೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಸಿ.ಎ. ವಿರಕ್ತಮಠ ಅವರು ಜಿಗಿಹುಳುಗಳ ವರ್ಗೀಕರಣಕ್ಕೇ ಬದುಕು ಕೊಟ್ಟೋರು, ಪ್ರಪಂಚದಲ್ಲಿ ಆ ವಿಷಯ ಓದೋರೆಲ್ಲ ಅವರ ಹೆಸರು ಬಲ್ಲರು, ನಮ್ಮ ಊರಲ್ಲಿ ಹತ್ತು ಜನಕ್ಕೆ ಕೇಳಿ, ಒಬ್ಬರಿಗೂ ಗೊತ್ತಿಲ್ಲ, ನಂಗೂ ಮಗಳು ಹೇಳಿದ ಮೇಲೇ ಗೊತ್ತಾಗಿದ್ದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಯಾರೇ ಹೊಸ ಪ್ರಭೇದ ಕಂಡುಹಿಡಿದ್ರೂ ಅದರ ಮಾದರಿಯನ್ನ ಸರ್ಕಾರ ಗೊತ್ತುಮಾಡಿದ ಸಂಗ್ರಹಕ್ಕೆ ಕೊಡಲೇಬೇಕು ಅಂತಲೂ ಇದೆ. ಅಂದ್ರೆ ಬಾಂದುಕಲ್ಲು ನೆಡೋಕೆ ಕಾನೂನು ಇದೆ, ಜಾಗ ಇದೆ, ಆ ದಾರಿ ರೈತನಿಗೆ ತೋರಿಸೋರು ಬೇಕು.

ಅದಕ್ಕೇ ನಿಮ್ಮಲ್ಲಿ ಎರಡು ಕೋರಿಕೆ. ಮುಂದೆ ಹೊಸ ಪ್ರಭೇದದ ಸುದ್ದಿ ಬಂದಾಗ ವರದಿಗಾರರು ಆ ವಿಜ್ಞಾನಿಗೆ ಒಂದು ಫೋನ್ ಮಾಡಿ, ಇದು ಹೊಸದು ಅಂತ ಯಾವ ಗುರುತಿನಿಂದ ಗೊತ್ತಾಯ್ತು, ಯಾವುದರ ಪಕ್ಕ ಇಟ್ಟು ನೋಡಿದ್ರಿ, ಮಾದರಿ ಎಲ್ಲಿದೆ ಅಂತ ಕೇಳಿ ಬರೀಲಿ, ಆ ಬಾಕ್ಸ್ ಅರ್ಧ ಪುಟ ಆದ್ರೂ ನಾವು ಓದ್ತೀವಿ. ಎರಡನೇದು, ಸತ್ತ ಹುಳವನ್ನ ಕೆಡದ ಹಾಗೆ ಇಡೋದು ಹೇಗೆ, ಚೀಟೀಲಿ ಏನು ಬರೀಬೇಕು, ಯಾವ ವಿಳಾಸಕ್ಕೆ ಹೇಗೆ ಕಳಿಸಬೇಕು ಅಂತ ವಿಚಾರಿಸಿ ಕೃಷಿ ಪುಟದಲ್ಲಿ ಹಾಕಿ.

ನಮ್ಮ ಜಗಲಿ ಲೈಟಿಗೆ ಹೋದ ವರ್ಷ ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಆದ ಮಾರನೇ ದಿನ ಒಂದು ಉದ್ದಮೀಸೆ ದುಂಬಿ ಬಂದಿತ್ತು, ಬೂದು ಬಣ್ಣ, ಬೆನ್ನ ಮೇಲೆ ಎರಡು ಹಳದಿ ಚುಕ್ಕೆ, ಮೀಸೆ ಮೈಗಿಂತ ಉದ್ದ. ಕಾಂಡಕೊರಕ ಅಲ್ಲ ಅದು, ಅಷ್ಟು ಗ್ಯಾರಂಟಿ. ಫೋಟೋ ತೆಗೆದು ಒಂದು ಕಚೇರಿಗೆ ಕಳಿಸಿದ್ದೆ, ಉತ್ತರ ಬರಲಿಲ್ಲ. ಬೆಳಗ್ಗೆ ಸತ್ತು ಬಿದ್ದಿದ್ದನ್ನ ಹೋಮಿಯೋಪತಿ ಗುಳಿಗೆ ಬಾಟ್ಲಿಗೆ ಹಾಕಿ, ಸ್ಪಿರಿಟ್ ತುಂಬಿಸಿ, ತಾರೀಖು ಊರು ಬರೆದ ಚೀಟಿ ಅಂಟಿಸಿ ಬೀರುವಿನಲ್ಲಿ ಇಟ್ಟಿದೀನಿ. ಅದು ಎಲ್ಲರಿಗೂ ಗೊತ್ತಿರೋ ಸಾಮಾನ್ಯ ಹುಳವೇ ಇರಬಹುದು, ಇದ್ರೆ ಅದರ ಹೆಸರು ಗೊತ್ತಾಗ್ಲಿ. ವಿಳಾಸ ಪೇಪರಲ್ಲಿ ಬಂದ ದಿನವೇ ಅದನ್ನ ಪಾರ್ಸೆಲ್ ಮಾಡ್ತೀನಿ.

ಇಂತಿ ನಿಮ್ಮ ಓದುಗ,
ಒಬ್ಬ ಕಾಫಿ ಬೆಳೆಗಾರ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ